ಒಂದು ರೂಪಾಯಿಯೂ ನಷ್ಟವಿಲ್ಲ

ಕೊರೊನಾ ಸೋಂಕು ಪತ್ತೆಗೆಂದು ತರಿಸಿದ ಚೀನಾದ ರ‍್ಯಾಪಿಡ್ ಕಿಟ್‌ಗಳನ್ನು ವಾಪಸ್ ಕಳಿಸುತ್ತಾರಂತೆ. ಹಣ ಇನ್ನೂ ಪಾವತಿಸಿಲ್ಲವಾದ್ದರಿಂದ ಸರ್ಕಾರಕ್ಕೆ ಒಂದು ರೂಪಾಯಿಯೂ ನಷ್ಟವಿಲ್ಲವಂತೆ. 2020ರ ಏಪ್ರಿಲ್ 27ರ ಈ ಪ್ರಕಟಣೆಗಿಂತ ಒಳ್ಳೆಯ ಟಾನಿಕ್ ಲಾಕ್‌ಡೌನಿನಲ್ಲಿ ಕೂತವರಿಗೆ ಬೇರೆ ಬೇಕೆ?

ಚೀನಾದಿಂದ ಚಾರ್ಜರ್ ತರಿಸುವ ಸಣ್ಣ ವ್ಯಾಪಾರಿಗೂ ಗೊತ್ತಿರುವ ಸಂಗತಿಯೊಂದಿದೆ. ಮೊದಲು ಬರುವ ಸ್ಯಾಂಪಲ್ ಬಂಗಾರ, ಆಮೇಲೆ ಬರುವ ಲೋಡು ದೇವರ ಇಚ್ಛೆ. ಅದಕ್ಕೇ ಅವನು ಸರಕು ಹಡಗು ಹತ್ತುವ ಮೊದಲು ಯಾರನ್ನಾದರೂ ಕಾರ್ಖಾನೆಗೆ ಕಳಿಸಿ, ನಡುವಿನಿಂದ ನಾಲ್ಕು ಪೆಟ್ಟಿಗೆ ಎಳೆಸಿ ಬಿಚ್ಚಿಸುತ್ತಾನೆ. ಪಾಪ, ಸ್ವಂತ ದುಡ್ಡು ನೋಡಿ! ಕಿಟ್ ಕೊಂಡ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯದು (ಐಸಿಎಂಆರ್) ಉದಾರ ಮನಸ್ಸು. ಪ್ರಯೋಗಾಲಯದಲ್ಲಿ ಪಾಸಾದ ಕಿಟ್‌ಗಳನ್ನು ರಾಜ್ಯಗಳಿಗೆ ಹಂಚಿತು. ಸೋಂಕು ಖಚಿತವಾದವರ ಮೇಲೆಯೇ ಪ್ರಯೋಗಿಸಿ ನೋಡಿದ ರಾಜಸ್ಥಾನ, ನಿಖರತೆ ಶೇ 5.4 ಎಂದು ವರದಿ ಮಾಡಿತು. ಆಗ ಏಪ್ರಿಲ್ 21ರಂದು ಐಸಿಎಂಆರ್, ಎರಡು ದಿನ ಕಿಟ್ ಮುಟ್ಟಬೇಡಿ, ಪರಿಶೀಲನೆಗೆ ನಮ್ಮ ತಂಡಗಳು ಬರುತ್ತವೆ ಎಂದಿತು.

ಮುನ್ಸೂಚನೆ ಇರಲಿಲ್ಲವೇ? ಮಾರ್ಚ್ ಕೊನೆಗೇ ಸ್ಪೇನ್ ಚೀನಾದ ಶೆನ್‌ಝೆನ್‌ನ ಒಂದು ಕಂಪನಿಯ ಕಿಟ್‌ಗಳನ್ನು ಹಿಂದಿರುಗಿಸಿತ್ತು. ಬ್ರಿಟನ್ ಇಪ್ಪತ್ತು ಲಕ್ಷ ಕಿಟ್ ಕೊಂಡು ಕೈಸುಟ್ಟುಕೊಂಡಿತ್ತು. ಅವುಗಳನ್ನು ಮಾರಿದ ಎರಡು ಕಂಪನಿಗಳಲ್ಲಿ ಒಂದು ಗುವಾಂಗ್‌ಝೌನ ವೊಂಡ್‌ಫೋ. ನಮಗೂ ಮಾರಿದ್ದು ಅದೇ ವೊಂಡ್‌ಫೋ, ಜೊತೆಗೆ ಝುಹೈನ ಲಿವ್‌ಝಾನ್. ದಿನಪತ್ರಿಕೆಯಿಂದ ವೈರಸ್ ಹರಡುತ್ತದೆಂಬ ವದಂತಿಯನ್ನು ನಂಬಿ ದೆಹಲಿಯಲ್ಲಿ ಪೇಪರ್ ನಿಲ್ಲಿಸಿದ್ದರೇನೋ.

ಇತ್ತ ನಮ್ಮ ತಾಲ್ಲೂಕು ಕಚೇರಿಗೆ ಹೋಗಿ ಒಂದು ಪೊರಕೆ ಕೊಳ್ಳಲು ಪ್ರಯತ್ನಿಸಿ. ಮೂರು ಕೊಟೇಶನ್ ಬೇಕು, ಮೂರೂ ಬೇರೆ ಬೇರೆ ಅಂಗಡಿಯವಾಗಿರಬೇಕು, ಮೂರಕ್ಕೂ ಮೊಹರು ಬೇಕು. ಪೊರಕೆ ಬಂದ ಮೇಲೆ ಸ್ಟಾಕ್ ರಿಜಿಸ್ಟರಿನಲ್ಲಿ ದಾಖಲಾಗಬೇಕು. ಮುಂದಿನ ವರ್ಷ ಆಡಿಟ್‌ನವರು ಬಂದು, ಹಳೆಯ ಪೊರಕೆ ವಿಲೇವಾರಿಗೆ ಅನುಮತಿ ಪತ್ರವೆಲ್ಲಿ ಎಂದು ಆಕ್ಷೇಪಣೆ ಬರೆಯುತ್ತಾರೆ. ಅಲ್ಲಿಯವರೆಗೆ ಜವಾನ ಕಸವನ್ನು ಬೀರುವಿನ ಹಿಂದಕ್ಕೆ ತಳ್ಳಿ ಸರ್ಕಾರದ ಮಾನ ಕಾಪಾಡುತ್ತಾನೆ. ಆ ಆಡಿಟ್‌ನವರಲ್ಲಿ ಒಬ್ಬರನ್ನು ಗುವಾಂಗ್‌ಝೌಗೆ ಕಳಿಸಿದ್ದರೆ ಕಾರ್ಖಾನೆಯ ಮಾಲೀಕ ಇಷ್ಟರಲ್ಲಿ ಸನ್ಯಾಸ ತೆಗೆದುಕೊಂಡಿರುತ್ತಿದ್ದ.

ಮಾಲಿನಲ್ಲಿ ದೋಷವಿಲ್ಲ, ಬಳಸುವ ಕ್ರಮ ನೋಡಿ ಎಂಬುದು ಕಂಪನಿಗಳ ವಾದ. ಇರಬಹುದು. ಆದರೆ ಈ ಜಗಳ ಆರ್ಡರ್ ಕೊಡುವ ಮುನ್ನ ಮುಗಿಯಬೇಕಿತ್ತು. ಈ ಕಿಟ್ಟಿನ ಮಾತು ನಂಬಿ, ತನಗೇನೂ ತಗುಲಿಲ್ಲವೆಂದು ನಿರಾಳನಾದವನೊಬ್ಬ ಮನೆಗೆ ಹೋಗಿ ಮಕ್ಕಳನ್ನು ಎತ್ತಿಕೊಂಡಿದ್ದರೆ ಆ ಲೆಕ್ಕ ಯಾವ ರಿಜಿಸ್ಟರಿಗೆ ಸೇರುತ್ತದೆ ಸ್ವಾಮಿ? ಒಂದು ರೂಪಾಯಿಯೂ ನಷ್ಟವಿಲ್ಲ ಎನ್ನಲು ನಾಲಿಗೆಯಾದರೂ ಹೇಗೆ ಬಂತು?

ಬೆಲೆಯ ವಿಷಯ ಹೊರಬಿದ್ದದ್ದೂ ಯಾರ ತನಿಖೆಯಿಂದಲ್ಲ. ಭಾರತಕ್ಕೆ ಬಂದಿಳಿದಾಗ 245 ರೂಪಾಯಿಯಾಗಿದ್ದ ಕಿಟ್ಟು ಸರ್ಕಾರದ ಲೆಕ್ಕಕ್ಕೆ ಬರುವಾಗ 600 ಆಗಿತ್ತು. ನಡುವಿನ ದಲ್ಲಾಳಿಗಳು ಹಣದ ವಿಷಯಕ್ಕೆ ಕಿತ್ತಾಡಿಕೊಂಡು ದೆಹಲಿ ಹೈಕೋರ್ಟಿನ ಮೆಟ್ಟಿಲೇರಿದರು, ಕೋರ್ಟು 400ಕ್ಕಿಂತ ಹೆಚ್ಚಿಗೆ ಮಾರಕೂಡದೆಂದಿತು. ಅವರು ಒಗ್ಗಟ್ಟಿನಿಂದ ಇದ್ದಿದ್ದರೆ ನಮಗೆ ಇಷ್ಟೂ ತಿಳಿಯುತ್ತಿರಲಿಲ್ಲ.