ಡೆಕ್ಕಿಗೆ ಗಾಜು ಮುಚ್ಚಿ ಒಲೆ ಕಟ್ಟೋದನ್ನ ನಿಲ್ಲಿಸಿ

ಮಾರ್ಚ್ ಬಂದರೆ ಸಾಕು, ಕೊಡಗಿನಲ್ಲಿ ಕುಶಾಲನಗರದಿಂದ ಗೋಣಿಕೊಪ್ಪದವರೆಗೂ ಅದೇ ಗೋಳು. ಲಕ್ಷಗಟ್ಟಲೆ ಸುರಿದು ಡೆಕ್ಕಿನ (ಮನೆಗೆ ಅಂಟಿದ ತೆರೆದ ಜಗಲಿಯ) ಸುತ್ತ ಗಾಜು, ಮೇಲೆ ಬೆಳಕು ದಾಟೋ ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್ ಶೀಟ್ ಹಾಕಿಸಿಕೊಂಡವರ ಮನೆಯಲ್ಲಿ ಬೆಳಗ್ಗೆ ಹತ್ತರ ಮೇಲೆ ಆ ಕೋಣೆಗೆ ಕಾಲಿಡೋ ಹಾಗಿಲ್ಲ. ಹೊರಗೆ 32 ಡಿಗ್ರಿ ಇದ್ದರೆ ಒಳಗೆ 45 ಆಗೋದು ದೊಡ್ಡ ಮಾತೇ ಅಲ್ಲ. ಕುರ್ಚಿಯ ಕಬ್ಬಿಣ ಮುಟ್ಟಿದರೆ ಕೈ ಚುರುಕ್ ಅನ್ನುತ್ತೆ. ಜೂನ್ ಬಂತೋ, ಅದೇ ಕೋಣೆಯಲ್ಲಿ ಬಕೆಟ್ ಇಟ್ಟು ನೀರು ಹಿಡಿಯೋ ಪಾಡು. ಕಕ್ಕಡದ (ಜುಲೈ-ಆಗಸ್ಟ್‌ನ ಕೊಡವ ತಿಂಗಳು) ಹೊತ್ತಿಗೆ ಗೋಡೆ ತುಂಬ ಬೂಷ್ಟು. ನೆಮ್ಮದಿಯಾಗಿ ಕೂರೋಕೆ ಸಿಗೋದು ನವೆಂಬರ್‌ನಿಂದ ಜನವರಿವರೆಗೆ, ಅದೂ ಬೆಳಗಿನ ಹೊತ್ತು ಮಾತ್ರ. ಮಾಡಿಕೊಟ್ಟವರಿಗೆ ಫೋನ್ ಮಾಡಿದರೆ "ಒಂದು ಎಸಿ ಹಾಕಿಸಿಬಿಡಿ ಸಾರ್" ಅಂತಾರೆ. ಕೇಳಿದರೆ ಮೈಯೆಲ್ಲ ಉರಿಯುತ್ತೆ.

ಹೀಗೆ ಗಾಜು ಮುಚ್ಚಿದ ಕೋಣೆ, ಅಂದರೆ ಸನ್‌ರೂಮ್ ಅನ್ನೋದು ಚಳಿ ದೇಶದವರು ತಮ್ಮ ಅಗತ್ಯಕ್ಕೆ ಕಟ್ಟಿಕೊಂಡದ್ದು. ಲಂಡನ್ನಿನಲ್ಲಿ ಡಿಸೆಂಬರ್ ಮಧ್ಯಾಹ್ನದ ಸೂರ್ಯ ದಿಗಂತದಿಂದ 15 ಡಿಗ್ರಿ ಮೇಲೇರಿದರೆ ಅದೇ ಹೆಚ್ಚು. ಸಿಕ್ಕಿದಷ್ಟು ಬಿಸಿಲನ್ನ ಗಾಜಿನೊಳಗೆ ಕೂಡಿಹಾಕಿಕೊಳ್ಳೋದು ಅವರಿಗೆ ಬೇಕೇ ಬೇಕು. ಕೊಡಗು ಇರೋದು 12 ಡಿಗ್ರಿ ಅಕ್ಷಾಂಶದಲ್ಲಿ. ಇಲ್ಲಿ ಡಿಸೆಂಬರ್‌ನಲ್ಲೂ ಮಧ್ಯಾಹ್ನದ ಸೂರ್ಯ 54 ಡಿಗ್ರಿ ಎತ್ತರದಲ್ಲಿರುತ್ತಾನೆ, ಏಪ್ರಿಲ್ 22ರ ಆಸುಪಾಸಿಗೆ ನೇರ ನೆತ್ತಿಯ ಮೇಲೆ. ಮಡಿಕೇರಿ ತಂಪು ಊರು, ಇಲ್ಲೇನೂ ಆಗಲ್ಲ ಅನ್ನೋ ಮಾತನ್ನ ನಂಬಲೇಬೇಡಿ. ಎತ್ತರಕ್ಕೆ ಗಾಳಿ ತಂಪಾಗುತ್ತೆ, ಬಿಸಿಲು ತಂಪಾಗಲ್ಲ.

ಲೆಕ್ಕ ಹಾಕಿ. 12 ಅಡಿಗೆ 10 ಅಡಿ ಡೆಕ್ ಅಂದರೆ ಸುಮಾರು 11 ಚದರ ಮೀಟರ್. ಮೋಡ ಇಲ್ಲದ ಏಪ್ರಿಲ್ ಮಧ್ಯಾಹ್ನ ಚದರ ಮೀಟರಿಗೆ 900 ವ್ಯಾಟ್ ಬಿಸಿಲು ಬೀಳುತ್ತೆ. ತಿಳಿ ಪಾಲಿಕಾರ್ಬೊನೇಟ್ ಅದರಲ್ಲಿ ನೂರಕ್ಕೆ 80ರಷ್ಟನ್ನ ಒಳಗೆ ಬಿಡುತ್ತೆ. ಅಂದರೆ ಹತ್ತಿರ ಹತ್ತಿರ 8 ಕಿಲೋವ್ಯಾಟ್. ಒಂದು ಕಿಲೋವ್ಯಾಟಿನ ಎಂಟು ಹೀಟರ್‌ಗಳನ್ನ ಒಂದೇ ಕೋಣೆಯಲ್ಲಿ ಹಚ್ಚಿಟ್ಟು ಬಾಗಿಲು ಹಾಕಿದ ಲೆಕ್ಕ ಅದು. ಒಂದು ಟನ್ ಎಸಿ ಹೊರಹಾಕೋದು ಮೂರೂವರೆ ಕಿಲೋವ್ಯಾಟ್. ಮಾಡಿನಿಂದ ಬಂದ ಬಿಸಿಗೇ ಎರಡು ಟನ್ ಮೇಲೆ ಬೇಕು, ಪಶ್ಚಿಮದ ಗಾಜಿಗೆ ಬೇರೆ ಇನ್ನೊಂದು ಟನ್. ಆ ಕರೆಂಟ್ ಬಿಲ್ಲನ್ನ ಕಟ್ಟೋರು ಯಾರು, "ಎಸಿ ಹಾಕಿಸಿ" ಅಂದವರಾ?

ಇನ್ನು ಡಬಲ್ ಗ್ಲಾಸ್ ವಿಚಾರ. ಬಿಸಿ ಆಗುತ್ತೆ ಅಂತ ಯಾರಾದರೂ ಮುಂಚೆಯೇ ಅನುಮಾನಪಟ್ಟರೆ ಸಾಕು, ಡಬಲ್ ಗ್ಲಾಸ್ ಹಾಕಿಸಿ ಅಂತ ರೇಟ್ ಏರಿಸಿಬಿಡ್ತಾರೆ. ಎರಡು ತಿಳಿ ಗಾಜಿನ ನಡುವೆ ಗಾಳಿಪದರ ಬಿಟ್ಟರೆ ಒಳಹೊರಗಿನ ಗಾಳಿಯ ಬಿಸಿ ದಾಟೋದು ಅರ್ಧಕ್ಕೆ ಇಳಿಯುತ್ತೆ, ಅದು ನಿಜ. ಆದರೆ ನೇರ ಬಿಸಿಲು? ಒಂಟಿ ಗಾಜಿನಲ್ಲಿ ನೂರಕ್ಕೆ 80 ಬರೋದು ತಿಳಿ ಡಬಲ್ ಗಾಜಿನಲ್ಲಿ 70ಕ್ಕೆ ಇಳಿದೀತು, ಅಷ್ಟೇ. ಒಳಗೆ ಬಂದ ಬಿಸಿ ರಾತ್ರಿ ಹೊರಗೆ ಹೋಗದ ಹಾಗೆ ತಡೆಯೋದೂ ಅದೇ ಪದರ. ಕೇಳಬೇಕಾದದ್ದು ಎಸ್‌ಎಚ್‌ಜಿಸಿ ಅಂಕಿ, ಅಂದರೆ ಬಿದ್ದ ಬಿಸಿಲಿನ ಬಿಸಿಯಲ್ಲಿ ಎಷ್ಟು ಪಾಲು ಒಳಗೆ ಬರುತ್ತೆ ಅನ್ನೋದು. ಸೋಲಾರ್ ಕಂಟ್ರೋಲ್ ಗಾಜಿನಲ್ಲಿ ಇದು 0.25ರಿಂದ 0.4ರ ಒಳಗಿರುತ್ತೆ. ಈ ಅಂಕಿ ಬರೆದು ಕೊಡಿ ಅಂದಾಗ ತಡವರಿಸುವವರಿಗೆ ಕೆಲಸ ಕೊಡಬೇಡಿ.

ಪರದೆ ಹಾಕಿದರೆ ಸರಿಹೋಗುತ್ತೆ ಅಂತ ಹೇಳೋದು ಇನ್ನೊಂದು ಮೋಸ. ಗಾಜು ದಾಟಿ ಒಳಬಂದ ಬಿಸಿಲು ಪರದೆಯನ್ನ ಕಾಯಿಸುತ್ತೆ, ಕಾದ ಪರದೆ ಕೋಣೆಯನ್ನ ಕಾಯಿಸುತ್ತೆ. ಬಿಸಿಲನ್ನ ತಡೆಯೋದು ಗಾಜಿನ ಹೊರಗೇ ಆಗಬೇಕು. ಕಾಫಿ ಬೆಳೆಯೋ ನೆಲಕ್ಕೆ ಇದನ್ನ ಹೇಳಿಕೊಡಬೇಕಾಗಿ ಬಂದದ್ದೇ ಸಂಕಟ. ಎಷ್ಟು ನೆರಳು ಇರಬೇಕು, ಎಷ್ಟು ಬೆಳಕು ಬಿಡಬೇಕು ಅಂತ ವರ್ಷ ವರ್ಷ ನೆರಳುಮರಗಳ ಕೊಂಬೆ ಸವರಿ ಮರಗಸಿ ಮಾಡೋ ಜನ ನಾವು. ಗಿಡಕ್ಕೆ ಕೊಡೋ ನೆರಳನ್ನ ಮನುಷ್ಯರಿಗೆ ಕೊಡಬಾರದಾ? ಐನ್‌ಮನೆಯ (ಕೊಡವ ಕುಟುಂಬದ ಮೂಲಮನೆಯ) ಕೈಯಾಲೆಯಲ್ಲಿ, ಅಂದರೆ ಜಗಲಿಯಲ್ಲಿ, ಮಧ್ಯಾಹ್ನ ಎರಡು ಗಂಟೆಗೂ ಐಮರದ (ಕೂರೋ ಮರದ ಹಲಗೆಯ) ಮೇಲೆ ಹಾಯಾಗಿ ಕೂರಬಹುದು. ಕಾರಣ ಇಷ್ಟೇ: ತಲೆಯ ಮೇಲೆ ಬೆಳಕು ದಾಟದ ಮಾಡು, ಕೆಳಗಿಳಿದ ಸೂರು, ಬದಿಯಲ್ಲಿ ಆಡೋ ಗಾಳಿ. ಈಗ ಮಾಡೋದು ಈ ಮೂರಕ್ಕೂ ತಿರುಗಾಮುರುಗಾ.

ಹಾಗಾದರೆ ಮಾಡು ಹೇಗಿರಬೇಕು? ಪೂರ್ತಿ ಪಾರದರ್ಶಕ ಮಾಡು ಬೇಡವೇ ಬೇಡ. ಎರಡೂ ಬದಿ ತಗಡು, ನಡುವೆ 50 ಮಿಲಿಮೀಟರ್ ಫೋಮ್ ಇರೋ ಪಫ್ ಪ್ಯಾನೆಲ್ ಹಾಕಿ, ಮೇಲ್ಬದಿ ಬಿಳಿ ಬಣ್ಣದ್ದು. ಬಿಸಿಯೂ ತಡೆಯುತ್ತೆ, ಮಳೆಯ ಸದ್ದೂ ಕಡಿಮೆ, ಚಳಿಗಾಲದ ರಾತ್ರಿ ತಗಡಿನಡಿ ಹನಿಗಟ್ಟಿ ತೊಟ್ಟಿಕ್ಕೋದೂ ಇಲ್ಲ. ಇಲ್ಲವಾದರೆ ಮಂಗಳೂರು ಹೆಂಚು, ಅದರಡಿ ನಾಲ್ಕಿಂಚು ಗಾಳಿ ಬಿಟ್ಟು ಮರದ ಸೀಲಿಂಗ್. ಬೆಳಕು ಬೇಕೇ ಬೇಕು ಅಂದರೆ ಮಾಡಿನ ಹತ್ತನೇ ಒಂದು ಪಾಲಿಗೆ ಮಾತ್ರ ಹಾಲುಬಣ್ಣದ ಶೀಟ್, ಅದೂ ಉತ್ತರದ ಅಂಚಿಗೆ.

ಆ ಒಂದು ಪಟ್ಟಿ ಪಾಲಿಕಾರ್ಬೊನೇಟನ್ನೂ ಈ ಕೆಲಸ ಮಾಡಿಕೊಡೋರು ನೆಟ್ಟಗೆ ಹಾಕಲ್ಲ. ಮೂರು ಮೀಟರ್ ಶೀಟ್ ಬೆಳಗಿನ ಚಳಿಯಿಂದ ಮಧ್ಯಾಹ್ನದ ಬಿಸಿಗೆ ಹೋಗೋವಾಗ ಏಳೆಂಟು ಮಿಲಿಮೀಟರ್ ಹಿಗ್ಗುತ್ತೆ. ಸ್ಕ್ರೂ ಆರು ಮಿಲಿಮೀಟರ್ ಇದ್ದರೆ ತೂತು ಹತ್ತು ಮಿಲಿಮೀಟರ್ ಇರಬೇಕು, ಮೇಲೆ ಅಗಲದ ರಬ್ಬರ್ ವಾಷರ್ ಕೂರಬೇಕು. ಇವರೋ, ಸ್ವಂತ ತೂತು ಕೊರೆಯೋ ಸ್ಕ್ರೂ ತಂದು ಕಬ್ಬಿಣಕ್ಕೆ ಬಿಗಿದು ಬಿಡ್ತಾರೆ. ಎರಡು ಬೇಸಿಗೆ ಕಳೆಯೋದರೊಳಗೆ ಸ್ಕ್ರೂ ಸುತ್ತ ಬಿರುಕು. ಯುವಿ ಲೇಪನ ಇರೋ ಮೈ ಮೇಲೆ ಬರಬೇಕು. ಅದು ಯಾವ ಮೈ ಅಂತ ಶೀಟಿನ ಪ್ಲಾಸ್ಟಿಕ್ ಹಾಳೆಯ ಮೇಲೆ ಅಚ್ಚಾಗಿರುತ್ತೆ, ಆ ಹಾಳೆಯನ್ನ ಮೊದಲೇ ಕಿತ್ತೆಸೆದು ಉಲ್ಟಾ ಹಾಕಿದರೆ ಶೀಟ್ ಬೇಗನೆ ಹಳದಿ ತಿರುಗಿ ಪುಡಿಪುಡಿಯಾಗುತ್ತೆ. ಟೊಳ್ಳು ಕೊಳವೆ ಇರೋ ಶೀಟ್ ಆದರೆ ಕೊಳವೆಗಳು ನೀರು ಇಳಿಯೋ ದಿಕ್ಕಿಗೇ ಇರಬೇಕು. ಮೇಲಿನ ತುದಿಗೆ ಅಲ್ಯೂಮಿನಿಯಂ ಟೇಪ್, ಕೆಳತುದಿಗೆ ಉಸಿರಾಡೋ ಟೇಪ್. ಟೇಪ್ ಹಾಕದಿದ್ದರೆ ಒಂದೇ ಮಳೆಗಾಲದಲ್ಲಿ ಕೊಳವೆಯೊಳಗೆ ಹಸಿರು ಪಾಚಿ. ಅದನ್ನ ತೊಳೆಯೋ ದಾರಿಯೇ ಇಲ್ಲ, ಶೀಟೇ ಬದಲಾಯಿಸಬೇಕು.

ಪಶ್ಚಿಮದ ಬಿಸಿಲು ಸೂರಿಗೆ ಬಗ್ಗಲ್ಲ. ಸಂಜೆ ನಾಲ್ಕರ ಸೂರ್ಯನಿಗೆ ಎರಡಡಿ ಸೂರು ಸುಮಾರು ಒಂದೂವರೆ ಅಡಿ ಗಾಜಿಗಷ್ಟೇ ನೆರಳು ಕೊಡುತ್ತೆ. ಆ ಬದಿಗೆ ಗಾಜನ್ನೇ ಕಡಿಮೆ ಮಾಡಿ, ಮೂರಡಿ ಗೋಡೆ ಎಬ್ಬಿಸಿ. ಉಳಿದದ್ದಕ್ಕೆ ಗಾಜಿನಿಂದ ಅರ್ಧ ಅಡಿ ಹೊರಗೆ ಬಿದಿರಿನ ಚಿಕ್ ಪರದೆ, ಇಲ್ಲ ನರ್ಸರಿಗೆ ಕಟ್ಟೋ 75 ಪರ್ಸೆಂಟ್ ಶೇಡ್ ನೆಟ್. ಮೇ ಕೊನೆಗೆ ಸುತ್ತಿ ಒಳಗಿಡೋ ಹಾಗಿದ್ದರೆ ಸಾಕು. ಇದಕ್ಕೆ ತಗಲೋ ಖರ್ಚು ಎಸಿಯ ಮುಂದೆ ಏನೂ ಅಲ್ಲ.

ಗಾಳಿ. ಎರಡು ಟ್ರ್ಯಾಕಿನ ಸ್ಲೈಡಿಂಗ್ ಕಿಟಕಿ ಪೂರ್ತಿ ತೆರೆದರೂ ಅರ್ಧವೇ ತೆರೆದಂತೆ. ಹೊರಗೆ ತೆರೆಯೋ ಕಿಟಕಿ ಇಲ್ಲವೇ ಲೂವರ್ (ಓರೆ ಪಟ್ಟಿಗಳ ಕಿಟಕಿ) ಹಾಕಿ. ಗಾಳಿ ಒಳಬರೋದು ನೆಲದಿಂದ ಒಂದಡಿಯಲ್ಲಿ, ಹೊರಹೋಗೋದು ಮಾಡಿನ ಅತಿ ಎತ್ತರದ ಜಾಗದಲ್ಲಿ ಆಗಬೇಕು. ಮೇಲಿನ ಕಂಡಿಗೆ ಸೂರಿನ ಮರೆ ಇದ್ದು, ಸೊಳ್ಳೆ ಜಾಲರಿ ಹೊಡೆದಿದ್ದರೆ ಮಳೆಗಾಲದಲ್ಲೂ ಮುಚ್ಚೋದೇ ಬೇಡ. ಆ ಕಂಡಿ ಇಲ್ಲದ್ದಕ್ಕೇ ಜುಲೈನಲ್ಲಿ ಬೂಷ್ಟು ಹಿಡಿಯೋದು.

ಮಳೆ ವಿಚಾರಕ್ಕೆ ಬಂದರೆ ನನ್ನ ಸಿಟ್ಟು ನೆತ್ತಿಗೇರುತ್ತೆ. ವರ್ಷಕ್ಕೆ 3,000 ಮಿಲಿಮೀಟರ್ ದಾಟೋ ಮಡಿಕೇರಿಗೂ, ಅದಕ್ಕಿಂತಲೂ ಜಾಸ್ತಿ ಸುರಿಯೋ ಭಾಗಮಂಡಲದ ಕಡೆಗೂ ಮೈಸೂರಿನ ಬಾಲ್ಕನಿಗೆ ಹಾಕೋ ಕಿಟಕಿಯನ್ನೇ ತಂದು ಕೂರಿಸ್ತಾರೆ. ಇಲ್ಲಿ ಮಳೆ ಮೇಲಿಂದ ಕೆಳಗೆ ಬೀಳಲ್ಲ, ಗಾಳಿಯ ಜೊತೆ ಅಡ್ಡ ಹೊಡೆಯುತ್ತೆ. ಸ್ಲೈಡಿಂಗ್ ಟ್ರ್ಯಾಕಿನ ಹೊರಬದಿಗೆ ಎರಡಡಿಗೊಂದರಂತೆ ನೀರು ಹೋಗೋ ತೂತು ಬೇಕು. ತೂತನ್ನೇ ಕೊರೆಯಲ್ಲ, ಕೊರೆದರೂ ಸಿಲಿಕೋನ್ ಬಳಿದು ಮುಚ್ಚಿಬಿಡ್ತಾರೆ. ಟ್ರ್ಯಾಕ್ ತುಂಬಿ ನೀರು ಮನೆಯೊಳಗೆ ಇಳಿಯುತ್ತೆ. ಟ್ರ್ಯಾಕನ್ನ ನೇರ ನೆಲದ ಟೈಲ್ಸ್ ಮೇಲೆ ಕೂರಿಸೋದು ಅದಕ್ಕಿಂತ ದೊಡ್ಡ ತಪ್ಪು. ಮೂರ್ನಾಲ್ಕು ಇಂಚಿನ ಕಟ್ಟೆ ಎಬ್ಬಿಸಿ, ಹೊರಗೆ ಇಳಿಜಾರಾದ ಗ್ರಾನೈಟ್ ಹಾಸು ಕೂರಿಸಿ, ಅದರ ಹೊರ ಅಂಚಿನಡಿ ನೀರು ಹಿಂದೆ ಹರಿಯದ ಹಾಗೆ ಒಂದು ಗೀರು ಕೊರೆದು, ಅದರ ಮೇಲೆ ಟ್ರ್ಯಾಕ್.

ಶೀಟು ಮನೆಯ ಗೋಡೆಗೆ ಸೇರೋ ಜಾಗವೇ ಸೋರೋದು. ಬಣ್ಣ ಬಳಿದ ಪ್ಲಾಸ್ಟರ್ ಮೇಲೆ ಸಿಲಿಕೋನ್ ಎಳೆದು ಹೋದರೆ ಅದು ಬಣ್ಣದ ಸಮೇತ ಕಿತ್ತು ಬರುತ್ತೆ. ಗೋಡೆಗೆ ಒಂದಿಂಚು ಆಳದ ಗೀರು ಕೊರೆದು, ಅಲ್ಯೂಮಿನಿಯಂ ಪಟ್ಟಿಯನ್ನ ಅದರೊಳಗೆ ಸಿಕ್ಕಿಸಿ, ಶೀಟಿನ ಮೇಲೆ ಆರಿಂಚು ಇಳಿಬಿಟ್ಟು, ಆಮೇಲೆ ಸೀಲಂಟ್. ಸೀಲಂಟ್ ನ್ಯೂಟ್ರಲ್ ಆಗಿರಬೇಕು. ಹಾಕೋವಾಗ ವಿನೆಗರ್ ವಾಸನೆ ಹೊಡೆದರೆ ತಕ್ಷಣ ಕೆಲಸ ನಿಲ್ಲಿಸಿ. ಅದು ಅಸಿಟಿಕ್ ಜಾತಿ, ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪನ್ನ ತಿನ್ನುತ್ತೆ, ಸಿಮೆಂಟಿಗೆ ಹಿಡಿಯಲ್ಲ.

ದಂಬೆ (ಮಾಡಿನ ಅಂಚಿನ ನೀರಿನ ಕಾಲುವೆ) ಲೆಕ್ಕವೂ ಇವರಿಗೆ ಬರಲ್ಲ. ಮನೆಯ 600 ಚದರಡಿ ಮಾಡಿನ ನೀರು ಡೆಕ್ಕಿನ ಮಾಡಿಗೇ ಬೀಳುತ್ತೆ ಅಂತಿಟ್ಟುಕೊಳ್ಳಿ. ಗಂಟೆಗೆ 100 ಮಿಲಿಮೀಟರ್ ಹೊಡೆತದ ಮಳೆಯಲ್ಲಿ ಎರಡೂ ಸೇರಿ ನಿಮಿಷಕ್ಕೆ 110 ಲೀಟರ್. ಇದಕ್ಕೆ ಮೂರಿಂಚಿನ ಒಂದು ಪೈಪ್ ಇಟ್ಟು ಹೋಗ್ತಾರೆ! ನಾಲ್ಕಿಂಚಿನವು ಎರಡು ಬೇಕು, ಎರಡೂ ತುದಿಗೆ. ಸಿಲ್ವರ್ ಓಕ್ ಎಲೆ ಒಂದನ್ನ ಕಟ್ಟಿಹಾಕಿದರೂ ಇನ್ನೊಂದು ಹರಿಯುತ್ತಿರಬೇಕು.

ಜಿಐ ಪೈಪಿಗೆ ವೆಲ್ಡಿಂಗ್ ಮಾಡಿದ ಜಾಗದಲ್ಲಿ ಸತುವಿನ ಲೇಪ ಸುಟ್ಟುಹೋಗಿರುತ್ತೆ. ಅಲ್ಲಿಗೆ ಜಿಂಕ್ ಪೇಂಟ್ ಎರಡು ಕೋಟು ಬೇಕು, ಬೆಳ್ಳಿ ಬಣ್ಣ ಹೊಡೆದು ಕಣ್ಣಿಗೆ ಮಣ್ಣೆರಚೋದಲ್ಲ. ಸ್ಕ್ರೂಗಳೆಲ್ಲ 304 ಸ್ಟೇನ್‌ಲೆಸ್ ಸ್ಟೀಲ್.

ತೂಕದ ಮಾತನ್ನ ಯಾರೂ ಎತ್ತೋದೇ ಇಲ್ಲ, ಜೀವಕ್ಕೆ ಕುತ್ತು ತರೋದು ಅದೇ. ಹತ್ತು ಮಿಲಿಮೀಟರ್ ಗಾಜು ಚದರ ಮೀಟರಿಗೆ 25 ಕೆಜಿ. 12 ಅಡಿ ಉದ್ದ, 9 ಅಡಿ ಎತ್ತರದ ಒಂದೇ ಬದಿಗೆ 250 ಕೆಜಿ, ಫ್ರೇಮ್ ಬೇರೆ. ಇದನ್ನ ತಂದು ಹೊರಚಾಚಿದ ಸ್ಲ್ಯಾಬಿನ ತುದಿಗೇ ನಿಲ್ಲಿಸ್ತಾರೆ, ಅಲ್ಲೇ ಭಾರ ಅತಿ ಹೆಚ್ಚು ಎಳೆಯೋದು. ಹೋಮ್‌ಸ್ಟೇಗಳ ಡೆಕ್ಕುಗಳಲ್ಲಿ ಎಷ್ಟೋ ನಿಂತಿರೋದು ಗುಡ್ಡದ ಬದಿ (ಬರೆ) ಕಡಿದು, ಅದೇ ಮಣ್ಣನ್ನ ಮುಂದಕ್ಕೆ ತುಂಬಿದ ಜಾಗದ ಮೇಲೆ. 2018ರ ಆಗಸ್ಟ್‌ನಲ್ಲಿ ಗುಡ್ಡಗಳು ಹೇಗೆ ಜಾರಿದವು ಅಂತ ಕಣ್ಣಾರೆ ಕಂಡ ಜಿಲ್ಲೆಯಲ್ಲಿ, ಮಳೆನೀರಿನ ಪೈಪನ್ನ ಆ ತುಂಬಿದ ಮಣ್ಣಿಗೇ ಬಿಟ್ಟು ಹೋಗೋರಿಗೆ ಏನನ್ನಬೇಕು? ಎಂಜಿನಿಯರ್ ಬಂದು ಕಂಬ, ಪಾಯ ನೋಡದೆ ಒಂದು ಫ್ರೇಮೂ ಏರಬಾರದು. ಪೈಪಿನ ನೀರು ಕಲ್ಲು ಕಟ್ಟಿದ ಚರಂಡಿಗೇ ಸೇರಬೇಕು.

ತಲೆಯ ಮೇಲೆ ಗಾಜು ಹಾಕಲೇಬೇಕೆಂದಿದ್ದರೆ ಲ್ಯಾಮಿನೇಟೆಡ್ (ಎರಡು ಗಾಜಿನ ನಡುವೆ ಪ್ಲಾಸ್ಟಿಕ್ ಪದರ ಇರೋದು) ಮಾತ್ರ. ಬರೀ ಟಫನ್ಡ್ (ಕಾಯಿಸಿ ಗಟ್ಟಿ ಮಾಡಿದ) ಗಾಜು ಒಡೆದರೆ ಅಷ್ಟೂ ಚೂರು ಕೆಳಗೆ ಸುರಿಯುತ್ತೆ. ಆಲಿಕಲ್ಲೋ ಮರದ ಕೊಂಬೆಯೋ ಬೀಳಬೇಕಂತಿಲ್ಲ, ಒಳಗಿನ ನಿಕಲ್ ಸಲ್ಫೈಡ್ ಕಣದಿಂದ ತಾನಾಗಿಯೂ ಒಡೆಯಬಲ್ಲದು.

ಇನ್ನೊಂದು, ದಯವಿಟ್ಟು ಗಮನಿಸಿ. ಗ್ಯಾಸ್ ಗೀಸರ್ ಇರೋ ಬಚ್ಚಲ ಕಿಟಕಿ ಡೆಕ್ಕಿನ ಕಡೆ ತೆರೆಯುತ್ತಿದ್ದರೆ, ಡೆಕ್ ಮುಚ್ಚಿದ ದಿನದಿಂದ ಆ ಹೊಗೆಗೆ ಹೋಗೋ ದಾರಿ ಇಲ್ಲ. ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಅಳತೆ ತೆಗೆಯೋಕೆ ಬರೋ ಎಷ್ಟು ಜನ ಆ ಕಿಟಕಿಯ ಹಿಂದೆ ಏನಿದೆ ಅಂತ ಕೇಳ್ತಾರೆ? ಗೀಸರನ್ನ ಹೊರಗೆ ಸ್ಥಳಾಂತರಿಸಿ ಆಮೇಲೆ ಡೆಕ್ ಮುಟ್ಟಿ.

ಕೊಟೇಶನ್ ಅಂದರೆ "ಚದರಡಿಗೆ ಇಷ್ಟು" ಅಂತ ಒಂದೇ ಸಾಲು ಬರೆದು ಕೊಡೋದನ್ನ ಒಪ್ಪಿಕೊಳ್ಳಬೇಡಿ. ಗಾಜಿನ ದಪ್ಪ, ಜಾತಿ, ಎಸ್‌ಎಚ್‌ಜಿಸಿ, ಅಲ್ಯೂಮಿನಿಯಂ ಸೆಕ್ಷನ್ನಿನ ದಪ್ಪ, ಸೀಲಂಟಿನ ಜಾತಿ, ಗ್ಯಾಸ್ಕೆಟ್ (ಗಾಜಿನ ಅಂಚಿನ ರಬ್ಬರ್ ಪಟ್ಟಿ) ಇಪಿಡಿಎಂ ರಬ್ಬರಿನದು ಹೌದಾ, ಎಲ್ಲ ಬರಹದಲ್ಲಿರಲಿ. ಮಾಲು ಇಳಿದ ದಿನವೇ ವರ್ನಿಯರ್ ಹಿಡಿದು ಅಳೆಯಿರಿ, 8 ಮಿಲಿಮೀಟರ್ ಅಂತ ಹೇಳಿ 5 ಇಳಿಸೋದು, ಒಂದೂವರೆ ಅಂದ ಸೆಕ್ಷನ್ 1.2 ಬರೋದು ಹೊಸದೇನಲ್ಲ. ಟಫನ್ಡ್ ಗಾಜಿನ ಮೂಲೆಯಲ್ಲಿ ಮುದ್ರೆ ಇರುತ್ತೆ, ಇಲ್ಲದಿದ್ದರೆ ವಾಪಸ್ ಕಳಿಸಿ. ಹೊಸ ಕಿಟಕಿಗೆ ಹೊರಗಿನಿಂದ ಹೋಸ್ ಪೈಪ್ ಹಿಡಿದು, ಅಡ್ಡಕ್ಕೆ ಜೋರಾಗಿ, ಒಂದೊಂದಕ್ಕೂ ಹತ್ತು ನಿಮಿಷ ನೀರು ಹೊಡೆಸಿ. ಒಟ್ಟು ದುಡ್ಡಿನಲ್ಲಿ ಹತ್ತನೇ ಒಂದು ಪಾಲನ್ನ ಜುಲೈ ಮುಗಿಯೋವರೆಗೆ ಕೈಯಲ್ಲೇ ಇಟ್ಟುಕೊಳ್ಳಿ, ಇದನ್ನೂ ಕರಾರಿನಲ್ಲಿ ಬರೆಸಿ. ಒಪ್ಪಲ್ಲ ಅಂದವರಿಗೆ ತಾವು ಕೂರಿಸೋ ಕಿಟಕಿ ಸೋರುತ್ತೆ ಅಂತ ಮೊದಲೇ ಗೊತ್ತಿದೆ.