ಡಿಸೆಂಬರ್‌ಗೆ ಮಾತ್ರ ಬೇಕಾಗುವ ಯೂತ್

ಇವತ್ತು ನಮ್ಮ ಕಥೋಲಿಕ ಚರ್ಚಿನಲ್ಲಿ ಕ್ರಿಸ್ತರಾಜರ ಹಬ್ಬ, ಯೇಸುವನ್ನು ರಾಜ ಅಂತ ಕೊಂಡಾಡೋ ಭಾನುವಾರ. ಎರಡನೇ ಪೂಜೆಯ ಕೊನೆಗೆ ಪ್ರಕಟಣೆ ಓದಿದರು. ಒಂದು ಮದುವೆ, ಸ್ಮಶಾನದ ಕಾಂಪೌಂಡಿಗೆ ಕಾಣಿಕೆ, ಯಾರೋ ಬೆಂಚಿನಲ್ಲಿ ಬಿಟ್ಟುಹೋದ ಕೊಡೆ, ಎಲ್ಲ ಮುಗಿದ ಮೇಲೆ: "ಯುವಜನರು ದಯವಿಟ್ಟು ಉಳಿಯಬೇಕು. ಸಾಯಂಕಾಲದ ಮೆರವಣಿಗೆಗೆ ಕುರ್ಚಿ ಎತ್ತಿ ಹಾಕೋದಿದೆ. ಗೋದಲಿ ಕೆಲಸಾನೂ ಶುರು ಮಾಡಬೇಕು." (ಗೋದಲಿ ಅಂದರೆ ಕ್ರಿಸ್ಮಸ್‌ಗೆ ಕಟ್ಟೋ, ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ.)

ಪಕ್ಕದಲ್ಲಿ ಕೂತಿದ್ದ ನಮ್ಮ ಯೂತ್ ಗುಂಪಿನ ಹುಡುಗ ಬಗ್ಗಿ, "ಅಕ್ಕ, ಬಂತು ನೋಡಿ ನಮ್ಮ ನೆನಪು" ಅಂದ. ಮೊದಲು ನಗು ಬಂತು. ಗೇಟು ದಾಟೋ ಹೊತ್ತಿಗೆ ಮೈಯೆಲ್ಲ ಉರಿ. ಈಸ್ಟರ್ ಆದಮೇಲೆ ಆ ಮೈಕಿನಿಂದ ಯುವಜನರು ಅನ್ನೋ ಮಾತು ಬಂದಿದ್ದು ಇವತ್ತೇ. ಅದೂ ಕುರ್ಚಿ ಎತ್ತೋಕೆ!

ಸಿಟ್ಟು ಜಾಸ್ತಿ ಆಗೋಕೆ ಇನ್ನೊಂದು ಕಾರಣ ಇದೆ. ಇವತ್ತು ಯುವಜನರದ್ದೇ ದಿನ. ಪೋಪ್ ಆಗಿದ್ದ ಸಂತ ಎರಡನೇ ಜಾನ್ ಪೌಲ್ 1985ರಲ್ಲಿ ವಿಶ್ವ ಯುವಜನ ದಿನ ಶುರುಮಾಡಿದಾಗ ಅದನ್ನು ಈಸ್ಟರ್‌ಗೆ ಒಂದು ವಾರ ಮುಂಚಿನ ಗರಿಗಳ ಭಾನುವಾರಕ್ಕೆ ಇಟ್ಟಿದ್ದರು. ವಿಶ್ವಗುರು (ಪೋಪ್) ಫ್ರಾನ್ಸಿಸ್ 2020ರಲ್ಲಿ ಅದನ್ನು ಕ್ರಿಸ್ತರಾಜರ ಹಬ್ಬಕ್ಕೆ ಬದಲಾಯಿಸಿದರು. 2021ರಿಂದ ಧರ್ಮಕ್ಷೇತ್ರಗಳಲ್ಲಿ (ಒಬ್ಬೊಬ್ಬ ಬಿಷಪ್ಪರ ಆಡಳಿತದ ಪ್ರದೇಶಗಳಲ್ಲಿ) ಅದರ ಆಚರಣೆ ಇದೇ ಭಾನುವಾರ. ಪ್ರಸಂಗದಲ್ಲಿ ಹನ್ನೊಂದನೇ ಪಿಯುಸ್ 1925ರಲ್ಲಿ ಈ ಹಬ್ಬ ಸ್ಥಾಪಿಸಿದ್ದು, ಈಗ ನೂರು ವರ್ಷ ತುಂಬ್ತಿರೋದು, ಎಲ್ಲ ಚೆನ್ನಾಗಿಯೇ ಬಂತು. ಯುವಜನ ದಿನದ ಬಗ್ಗೆ ಒಂದಕ್ಷರ ಇಲ್ಲ. ಆಚರಣೆ ಮಾತ್ರ ಭರ್ಜರಿ: ಮಕ್ಕಳು ಚರ್ಚ್ ಹಾಲ್‌ನಿಂದ ಕುರ್ಚಿ ಹೊತ್ತರು.

ಯೇಸು ಶಿಲುಬೆ ಹೊತ್ತು ನಡೆದದ್ದನ್ನು ನೆನೆಯೋ ಶಿಲುಬೆ ಹಾದಿಯ ಐದನೇ ಸ್ಥಳ ನೆನಪಿದೆಯಲ್ಲ? ಸಿರೇನಿನ ಸಿಮೋನ. ಪಾಪ, ಹೊಲದಿಂದ ಮನೆಗೆ ಹೊರಟಿದ್ದವನು. ಹಿಡಿದು ಯೇಸುವಿನ ಶಿಲುಬೆ ಹೊರಿಸಿದರು. ನಮ್ಮ ಧರ್ಮಕೇಂದ್ರದಲ್ಲಿ (ಪ್ಯಾರಿಷ್‌ನಲ್ಲಿ) ಯೂತ್ ಅಂದರೆ ಸಿಮೋನರ ಸಂಘ.

ನನ್ನ ಕಥೆ ನಿಮಗೆ ಗೊತ್ತಿರೋದೇ. ಬ್ಯಾಂಕ್ ಕೆಲಸ, ಅಮ್ಮನ ಮಂಡಿನೋವು, ಇದರ ಮಧ್ಯೆ ಯುವಜನರ ಗುಂಪು ನೋಡಿಕೊಳ್ಳೋ ಯೂತ್ ಅನಿಮೇಟರ್ ಅನ್ನೋ ಬಿರುದು. ಒಂದು ಕಾಲದಲ್ಲಿ ಎಲ್ಲರೂ ಅಕ್ಕ ಅಂತಿದ್ದರು. ಈಗ ಪಿಯುಸಿ ಮಕ್ಕಳು ಆಂಟಿ ಅಂತಾರೆ. (ಆಂಟಿ ಅಂದವರಿಗೆ ಮೀಟಿಂಗಿನ ಬನ್ ಕೊಡಲ್ಲ ಅಂತ ಹೆದರಿಸಿ ನೋಡಿದೆ, ಉಪಯೋಗ ಆಗಲಿಲ್ಲ.) ಆದ್ದರಿಂದ ಹೊರಗೆ ನಿಂತು ಕಲ್ಲು ಹೊಡೀತಿದ್ದೀನಿ ಅಂತ ಯಾರೂ ತಿಳೀಬೇಡಿ.

ನನ್ನ ತಕರಾರು ಒಂದೇ. ಯೂತ್ ಉಳಿಯೋದು, ಅಳಿಯೋದು ಗುರುಗಳು (ಫಾದರ್) ಪೂಜೆಗೆ ಹಸಿರು ವಸ್ತ್ರ ತೊಡೋ ಸಾಧಾರಣ ಕಾಲದಲ್ಲಿ. ನಮ್ಮವರು ಕಣ್ಣು ಬಿಡೋದು ಕ್ರಿಸ್ಮಸ್, ಈಸ್ಟರ್‌ಗೆ ಮುಂಚೆ ನೇರಳೆ ವಸ್ತ್ರ ಹೊರಗೆ ಬಂದಾಗ.

ಈ ವರ್ಷದ್ದೇ, 2025ರದ್ದೇ ತಗೊಳ್ಳಿ. ಪೆಂತೆಕೋಸ್ತು ಹಬ್ಬದ ಮಾರನೇ ದಿನ, ಜೂನ್ 9ಕ್ಕೆ ಶುರುವಾದ ಸಾಧಾರಣ ಕಾಲ ಮುಗಿಯೋದು ನವೆಂಬರ್ 29ಕ್ಕೆ. ಹೆಚ್ಚೂಕಮ್ಮಿ ಅರ್ಧ ವರ್ಷ. ಒಬ್ಬ ಹುಡುಗನ ಬಾಳಲ್ಲಿ ಆಗಬೇಕಾದ್ದೆಲ್ಲ ಆಗೋದು ಈ ತಿಂಗಳುಗಳಲ್ಲೇ. ಜೂನಲ್ಲಿ ಕಾಲೇಜು ಸೀಟು ಸಿಗುತ್ತೆ, ಇಲ್ಲಾ ಕೈತಪ್ಪುತ್ತೆ. ಹನೂರಿನ ಮಾರ್ಟಳ್ಳಿ ಕಡೆಯಿಂದ, ಕೊಡಗಿನ ತೋಟದ ಲೈನ್‌ಮನೆಗಳಿಂದ ಬಂದ ಮಕ್ಕಳು ಮೈಸೂರಿನ ಪಿಜಿಗಳಲ್ಲಿ ಮೊದಲ ಸಲ ಒಂಟಿಯಾಗಿ ಮಲಗ್ತಾರೆ. ಡಿಗ್ರಿ ಮುಗಿಸಿದವರು ಬೆಂಗಳೂರಿಗೆ ಹೋಗಿ ಶುಕ್ರವಾರ ರಾತ್ರಿ ವಾಪಸ್ಸು, ಭಾನುವಾರ ಸಾಯಂಕಾಲ ಮತ್ತೆ ಬಸ್ಸು. ಹೋಗದೆ ಉಳಿದವರು ನಂಜನಗೂಡಿನ ಫ್ಯಾಕ್ಟರಿ ಶಿಫ್ಟಿಗೆ. ಈ ಆರು ತಿಂಗಳಿಗೆ ನಮ್ಮ ಧರ್ಮಕೇಂದ್ರದ ಬಜೆಟ್ಟಿನಲ್ಲಿ ಯೂತ್ ಅನ್ನೋ ಸಾಲೇ ಇಲ್ಲ. ಬ್ಯಾನರ್ ಇಲ್ಲ, ಫೋಟೋ ಇಲ್ಲ, ಗುರುಗಳು ಬಂದು ಹತ್ತು ನಿಮಿಷ ಕೂರೋದೂ ಇಲ್ಲ.

ಅದೇ ಹಬ್ಬಗಳ ಪಟ್ಟಿ ತೆಗೆಯಿರಿ. ಜೂನ್ 13ಕ್ಕೆ ಸಂತ ಅಂತೋಣಿಯವರ ಹಬ್ಬ, ಅವರ ಚರ್ಚಿರೋ ಡೋರ್ನಹಳ್ಳಿಗೆ ಬಸ್ಸು: ಜನ ಎಣಿಸೋಕೆ ಯೂತ್. ಆಗಸ್ಟ್ ಕೊನೆಗೆ ಮಾತೆ ಮರಿಯಮ್ಮನವರ ನವದಿನ ಪ್ರಾರ್ಥನೆ, ಸೆಪ್ಟೆಂಬರ್ 8ಕ್ಕೆ ತೇರು: ಎಳೆಯೋಕೆ, ವೈರ್ ಎತ್ತಿ ಹಿಡಿಯೋಕೆ ಯೂತ್. ನವೆಂಬರ್ 2ಕ್ಕೆ ಸತ್ತವರನ್ನು ನೆನೆಯೋ ಕಲ್ಲರೆ ಹಬ್ಬ: ಸಮಾಧಿ ಮೇಲಿನ ಹುಲ್ಲು ಕೀಳೋಕೆ ಯೂತ್. ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದಲ್ಲಿ, ಯೇಸುವಿನ ನಾಟಕಕ್ಕೆ ರೋಮನ್ ಸೈನಿಕರಾಗೋಕೆ ಯೂತ್. ರಟ್ಟಿನ ಕವಚಕ್ಕೆ ಬೆಳ್ಳಿ ಬಣ್ಣ ಬಳಿಯೋ ಖರ್ಚೂ ಅವರದ್ದೇ.

ಗೋದಲಿ ಕೆಲಸ ನನಗೆ ಇಷ್ಟವೇ. ಅದನ್ನೂ ಹೇಳಿಬಿಡ್ತೀನಿ. ಡಿಸೆಂಬರ್ ಹನ್ನೆರಡು ಹದಿಮೂರರ ಹೊತ್ತಿಗೆ ಅಗಲದ ತಟ್ಟೆಗಳಲ್ಲಿ ಮಣ್ಣು, ಗೊಬ್ಬರ ಹರಡಿ ರಾಗಿ ಚೆಲ್ಲಬೇಕು. ಮುಂಚೆ ಚೆಲ್ಲಿದರೆ ಹಬ್ಬದ ಹೊತ್ತಿಗೆ ಪೈರು ಹಳದಿ ಬಿದ್ದು ಮಲಗಿಬಿಡುತ್ತೆ. ತಡ ಮಾಡಿದರೆ ಬೆರಳುದ್ದವೂ ಬರಲ್ಲ. ಮೇಲೆ ಒದ್ದೆ ಗೋಣಿ ಮುಚ್ಚಿ, ಮೊಳಕೆ ಕಂಡ ದಿನ ತೆಗೆದು, ಬೆಳಿಗ್ಗೆ ಸಂಜೆ ಕೈಯಲ್ಲಿ ನೀರು ಚಿಮುಕಿಸಬೇಕು, ಸುರಿದರೆ ಕಾಳೆಲ್ಲ ಒಂದು ಕಡೆ ಸೇರಿಕೊಳ್ಳುತ್ತೆ. ಹೋದ ವರ್ಷ ಈ ಕೆಲಸ ಹೊತ್ತುಕೊಂಡವಳು ಬಿಕಾಂ ಹುಡುಗಿ, ಸೆಮಿಸ್ಟರ್ ಪರೀಕ್ಷೆ ನಡೀತಿತ್ತು. ದಿನಾ ಪರೀಕ್ಷೆಗೆ ಹೋಗೋ ಮುಂಚೆ ಬಂದು ನೀರು ಹಾಕಿ ಹೋಗ್ತಿದ್ದಳು. ಹಬ್ಬದ ರಾತ್ರಿ ಎಲ್ಲರೂ ಬಾಲಯೇಸುವಿನ ಮುಂದೆ ನಿಂತು ಸೆಲ್ಫಿ ತಗೊಂಡು, "ವಾವ್, ಪೈರು ನಿಜವಾದ್ದಾ?" ಅಂದರು. ನಿಜವಾದ್ದು ಸ್ವಾಮಿ. ಆ ಹುಡುಗಿಗೆ ಒಂದು ವಿಷಯದಲ್ಲಿ ಬ್ಯಾಕ್‌ಲಾಗ್ ಉಳೀತು, ಅದೂ ನಿಜ. ಜುಲೈಯಲ್ಲಿ ಅವಳು ಮತ್ತೆ ಆ ಪೇಪರ್ ಬರೆಯುವಾಗ ಒಬ್ಬರಾದರೂ "ಹೆಂಗಾಯ್ತಮ್ಮ" ಅಂತ ಕೇಳಿದ್ದರೆ ಈ ಬರಹ ಬರೀತಾನೇ ಇರಲಿಲ್ಲ.

ನಮ್ಮದು ಸಣ್ಣ ಚರ್ಚು ಅನ್ನೋದೂ ಇದಕ್ಕೆ ಸೇರಿಕೊಂಡಿದೆ. ಇಡೀ ಮೈಸೂರಿಗೆ ಕ್ರಿಸ್ಮಸ್ ಅಂದರೆ ಅಶೋಕ ರಸ್ತೆಯ ಫಿಲೋಮಿನ. 1933ರಲ್ಲಿ ನಾಲ್ವಡಿಯವರೇ ಅಡಿಗಲ್ಲು ಹಾಕಿದ ಚರ್ಚು, ಆ ಎರಡು ಗೋಪುರ, ಗೋದಲಿ ನೋಡೋಕೆ ಎಲ್ಲ ಜಾತಿ ಧರ್ಮದವರ ಸಾಲು. ಹೆಮ್ಮೆಯ ವಿಷಯವೇ. ಆದರೆ ಅದನ್ನು ನೋಡಿ ಬಂದ ನಮ್ಮ ಚರ್ಚ್ ಕೌನ್ಸಿಲಿನ (ಗುರುಗಳಿಗೆ ಸಲಹೆ ಕೊಡೋ ಸಮಿತಿ) ಹಿರಿಯರು "ನಮ್ಮಲ್ಲೂ ಈ ಸಲ ಗ್ರಾಂಡಾಗಿ ಆಗಬೇಕು" ಅಂದಾಗ ಅದರ ಭಾರ ಬೀಳೋದು ಹಗಲು ಡ್ಯೂಟಿ ಮುಗಿಸಿ ಬಂದ ಆರೇಳು ಮಕ್ಕಳ ಮೇಲೆ.

ಈಗ ಜುಲೈ ಹೇಗಿರುತ್ತೆ ಹೇಳ್ತೀನಿ. ಶನಿವಾರ ಸಾಯಂಕಾಲ, ಸೋನೆ ಮಳೆ. ಹಾಲ್‌ನ ಬೀಗದ ಕೈ ಯಾರ ಹತ್ತಿರ ಇದೆ ಅನ್ನೋದೇ ಮೊದಲ ಅರ್ಧ ಗಂಟೆಯ ಸತ್ಸಂಗ. ಸಿಗದೆ ಗಂಟೆಗೋಪುರದ ಕೆಳಗಿನ ಮೆಟ್ಟಿಲ ಮೇಲೆ ಕೂತ್ವಿ. ನರ್ಸಿಂಗ್ ಓದೋ ಮಲಯಾಳಿ ಹುಡುಗಿ, ಮನೆಯಲ್ಲಿ ತಮಿಳು ಆಡೋ ಇಬ್ಬರು, ಇಂಗ್ಲಿಷ್ ಪೂಜೆಗೆ ಮಾತ್ರ ಬರೋ ಒಬ್ಬ, ಊಟದ ಡೆಲಿವರಿ ಮಾಡೋ ಹುಡುಗ. ಅವನ ಆರ್ಡರ್ ಫೋನು ಕುಯ್ಯಿ ಕುಯ್ಯಿ ಅಂತಿತ್ತು. ಕೊನೆಗೆ ಎಲ್ಲರೂ ಸೇರೋದು ನಮ್ಮ ಮೈಸೂರು ಕನ್ನಡಕ್ಕೇ. ಬೈಬಲ್ ಓದಿ, ಬೇಕರಿಯ ದಿಲ್‌ಪಸಂದ್ ಹಂಚಿಕೊಂಡ ಮೇಲೆ ಡೆಲಿವರಿ ಹುಡುಗ ಅಂದ: "ಅಕ್ಕ, ಮನೇಲಿ ಡಿಗ್ರಿ ಮುಗಿದಿದೆ ಅಂದ್ಕೊಂಡವ್ರೆ. ಮುಗಿದಿಲ್ಲ. ಹೆಂಗ್ ಹೇಳೋದು?" ಯಾರೂ ಉಪದೇಶ ಮಾಡಲಿಲ್ಲ. ತಮಿಳು ಮನೆಯ ಹುಡುಗ "ನಾನೂ ಹಂಗೇ ಮಾಡಿದ್ದೆ ಮಗಾ, ನಮ್ಮಪ್ಪಂಗೆ ನಾನು ಹೇಳಿದ್ದು ಹಿಂಗೆ" ಅಂತ ಶುರುಮಾಡಿದ. ಮಳೆ ನಿಂತರೂ ಯಾರೂ ಏಳಲಿಲ್ಲ. ಮುಂದಿನ ವಾರ ಅವನು ಅಪ್ಪನ ಹತ್ತಿರ ಹೇಳಿ ಬಂದಿದ್ದ. ಬೈಸಿಕೊಂಡಿದ್ದ, ಉಂಡಿದ್ದ.

ಯುವಜನ ಸೇವೆ ಅಂತ ನಾನು ಕರೆಯೋದು ಇದನ್ನು. ವಾರ್ಷಿಕ ವರದಿಯಲ್ಲಿ ಆ ಸಾಯಂಕಾಲದ ಬಗ್ಗೆ ಬರೆಯೋಕೆ ಜಾಗ ಇಲ್ಲ. "ಹಾಜರಾತಿ ಕಡಿಮೆ" ಅಂತ ಬರೆಯೋಕೆ ಇದೆ.

ಇನ್ನು ಎದುರು ವಾದ. ಕೌನ್ಸಿಲ್ ಮೀಟಿಂಗಲ್ಲಿ ಒಬ್ಬರು ದೊಡ್ಡವರು ಹೇಳಿದ್ದು: "ಏನಮ್ಮ, ಬಾಗಿಲು ತೆಗೆದೇ ಇದೆ, ಬರೋದಿಲ್ಲ ಅಂದ್ರೆ ನಾವೇನ್ ಮಾಡೋಣ? ದೃಢೀಕರಣ ಸಂಸ್ಕಾರ ಆದ್ಮೇಲೆ ಮಾಯ ಆಗ್ತಾರೆ, ಮೊಬೈಲಿಂದ ತಲೆ ಎತ್ತಲ್ಲ. ನಮ್ ಕಾಲದಲ್ಲಿ ಕರೀದೇ ಬರ್ತಿದ್ವಿ." ಅರ್ಧ ನಿಜ. ಟೂರ್ನಮೆಂಟ್ ಅಂದರೆ ಮೂವತ್ತು ಜನ, ಜಪಸರ ಅಂದರೆ ಮೂರು ಜನ ಬರೋದು ನಾನೂ ನೋಡಿದ್ದೀನಿ. ಆದರೆ ಸಾರ್, ನಿಮ್ಮ ಕಾಲದಲ್ಲಿ ನೀವು ಸೈಕಲ್ಲಲ್ಲಿ ಡ್ಯೂಟಿಗೆ ಹೋಗಿ ಸಾಯಂಕಾಲ ಮನೆ ಸೇರ್ತಿದ್ದಿರಿ. ಈ ಮಕ್ಕಳು ಬೆಳಗಿನ ಚಾಮುಂಡಿ ಎಕ್ಸ್‌ಪ್ರೆಸ್ಸಲ್ಲಿ ನಿಂತುಕೊಂಡು ಹೋಗ್ತಾರೆ. ಬಾಗಿಲು ತೆಗೆದಿದೆ ಅನ್ನೋದೂ ಸುಳ್ಳು. ಬೀಗದ ಕೈ ಇಲ್ಲದೆ ಮೆಟ್ಟಿಲ ಮೇಲೆ ಕೂತವರು ನಾವು.

ಮೊಬೈಲ್ ಅಂದ್ರಲ್ಲ, ಅದಕ್ಕೊಂದು ಮಾತು. ಈ ವರ್ಷ ಸೆಪ್ಟೆಂಬರ್ 7ರಂದು ಕಾರ್ಲೊ ಅಕ್ಯುಟಿಸ್ ಸಂತ ಪದವಿಗೇರಿದಾಗ ನಮ್ಮಲ್ಲೂ ಫ್ಲೆಕ್ಸ್ ಹಾಕಿದರು. ಕಂಪ್ಯೂಟರ್ ಮುಂದೆ ಕೂತೇ ಪರಮಪ್ರಸಾದದ ಪವಾಡಗಳ ಪಟ್ಟಿ ಮಾಡಿ, 2006ರಲ್ಲಿ ಹದಿನೈದನೇ ವಯಸ್ಸಿಗೆ ಲುಕೇಮಿಯಾದಲ್ಲಿ ತೀರಿಕೊಂಡ ಹುಡುಗ. ಸಂತರ ಫೋಟೋಗೆ ಹಾರ ಬಿತ್ತು. ಅದೇ ತಿಂಗಳು ನಮ್ಮ ಮಕ್ಕಳು ಚರ್ಚಿನ ಯೂಟ್ಯೂಬ್ ಪ್ರಸಾರ ನಾವೇ ನೋಡ್ಕೋತೀವಿ ಅಂತ ಆಫೀಸಿನ ವೈಫೈ ಪಾಸ್‌ವರ್ಡ್ ಕೇಳಿದರೆ, "ಹುಡುಗರ ಕೈಗೆ ಕೊಟ್ರೆ ಹಾಳು ಮಾಡ್ತಾರೆ" ಅನ್ನೋ ಉತ್ತರ. ಸಂತ ಕಾರ್ಲೊ, ನಮಗಾಗಿ ಪ್ರಾರ್ಥಿಸು.

ಒಂದು ಗುಟ್ಟು ಹೇಳಲಾ? ನನಗೆ ಹೊಟ್ಟೆಕಿಚ್ಚಿದೆ. ನಮ್ಮ ಬೀದಿಯ ತುದಿಯಲ್ಲಿ ಟೈರ್ ಅಂಗಡಿ ಮಹಡಿ ಮೇಲೆ ಒಂದು ಪ್ರಾರ್ಥನಾ ಮಂದಿರ ಇದೆ. ಶುಕ್ರವಾರ ಸಾಯಂಕಾಲ ಗಿಟಾರು, ಡ್ರಮ್ಸು, ಚಪ್ಪಾಳೆ. ಒಂದಿನ ಆ ಮೆಟ್ಟಿಲ ಹತ್ತಿರ ನಮ್ಮ ಇಬ್ಬರು ಮಕ್ಕಳ ಸ್ಕೂಟರ್ ಕಂಡೆ. ಗುರುತಿದ್ದೂ ನಂಬರ್ ಪ್ಲೇಟ್ ಎರಡೆರಡು ಸಲ ಓದಿದೆ. ಆಮೇಲೆ ಅವರಲ್ಲೊಬ್ಬಳನ್ನು ಕೇಳಿದರೆ, "ಸಂಗೀತಕ್ಕಲ್ಲ ಅಕ್ಕ. ಅವರು ಬುಧವಾರ ಫೋನ್ ಮಾಡ್ತಾರೆ. ಊಟ ಆಯ್ತಾ, ಅಪ್ಪಂಗೆ ಶುಗರ್ ಎಷ್ಟಿದೆ ಅಂತ ಕೇಳ್ತಾರೆ" ಅಂದಳು. ಅವತ್ತು ರಾತ್ರಿ ಊಟ ಸೇರಲಿಲ್ಲ ನನಗೆ. ನಮ್ಮಲ್ಲಿ ದೇವದೂತರ ಗೀತೆಯಿಂದ ಹಿಡಿದು ತಾಮ್ರದ ಗಂಟೆವರೆಗೂ ಎಲ್ಲ ಇದೆ. ಬುಧವಾರ ಫೋನ್ ಮಾಡೋರಿಲ್ಲ.

ಅದಕ್ಕೂ ಉತ್ತರ ಸಿದ್ಧವಿದೆ: "ದುಡ್ಡಿಲ್ಲ." ಫೋನಿಗೆ ದುಡ್ಡಾ? ಧರ್ಮಸಭೆಯ 1983ರ ಕಾನೂನಿನ 537ನೇ ವಿಧಿ ಪ್ರಕಾರ ಪ್ರತಿ ಧರ್ಮಕೇಂದ್ರದಲ್ಲೂ ಹಣಕಾಸು ಸಮಿತಿ ಇರಲೇಬೇಕು. ನಮ್ಮಲ್ಲಿ ಅದು ಗಡಿಯಾರದ ಹಾಗೆ ಸೇರುತ್ತೆ. ಲೆಕ್ಕ ಇಡಬೇಕು, ಸರಿ, ನಾನೂ ಬ್ಯಾಂಕಿನವಳೇ. ಆ ಸಮಿತಿ ಹೋದ ವರ್ಷ ಕ್ರಿಸ್ಮಸ್ ಸ್ಟಾರುಗಳ ಲೈಟಿಂಗಿಗೆ ಪಾಸು ಮಾಡಿದ ಮೊತ್ತ ನೋಡಿದೆ. ಅದರ ಬಡ್ಡಿಯಲ್ಲೇ ನಮ್ಮ ಕಾಫಿ-ಬನ್ ನಡೆದುಹೋಗುತ್ತೆ.

ಇನ್ನು ಮುಂದಿನದ್ದು. ಬರೋ ಭಾನುವಾರ ಕ್ರಿಸ್ಮಸ್‌ಗೆ ಸಿದ್ಧವಾಗೋ ಆಗಮನ ಕಾಲ ಶುರು, ಮೊದಲ ನೇರಳೆ ಮೇಣದಬತ್ತಿ. ಆಮೇಲೆ ಕ್ಯಾರಲ್ಸ್. ಮನೆಮನೆಗೆ ಹೋಗಿ ಹಾಡಿ, ಡಬ್ಬಿ ಅಲ್ಲಾಡಿಸಿ, ಮಧ್ಯರಾತ್ರಿ ಕೇಕು ತಿಂದು ಗಂಟಲು ಕೆಡಿಸಿಕೊಳ್ಳೋ ಮಜಾ ನನ್ನಿಂದ ಯಾರೂ ಕಿತ್ತುಕೊಳ್ಳೋಕಾಗಲ್ಲ. ಆ ಡಬ್ಬಿಯ ದುಡ್ಡು ಎಲ್ಲಿ ಹೋಗುತ್ತೆ ಅಂತ ಮಾತ್ರ ಈ ಸಲ ಕೇಳೋದಿದೆ. ಪ್ರತಿವರ್ಷ "ಚರ್ಚಿನ ಅಭಿವೃದ್ಧಿಗೆ" ಅಂತಾರೆ. ಹೋದ ಸಲದ ಅಭಿವೃದ್ಧಿ ಪಾರ್ಕಿಂಗ್ ಜಾಗದ ಇಂಟರ್‌ಲಾಕ್ ಟೈಲ್ಸ್.

ಹೊಸ ಕೌನ್ಸಿಲ್ ಸೇರೋ ದಿನ ನಾನು ಮತ್ತು ಆ ರಾಗಿ ಪೈರಿನ ಹುಡುಗಿ ಇಬ್ಬರೂ ಹೋಗ್ತೀವಿ. ಅರ್ಜಿ ಬರೆದಾಗಿದೆ. ಕ್ಯಾರಲ್ಸ್ ಡಬ್ಬಿಯ ಅರ್ಧ ದುಡ್ಡು ಜೂನ್‌ನಿಂದ ನವೆಂಬರ್‌ವರೆಗಿನ ಯೂತ್ ಖಾತೆಗೆ ಬರಬೇಕು. ಹಾಲ್‌ನ ಒಂದು ಬೀಗದ ಕೈ ನಮ್ಮ ಹತ್ತಿರ ಇರಬೇಕು. ಗುರುಗಳು ತಿಂಗಳಿಗೊಂದು ಶನಿವಾರ, ಪ್ರಸಂಗ ಇಲ್ಲದೆ, ಸುಮ್ಮನೆ ಬಂದು ಕೂತು ಬನ್ ತಿನ್ನಬೇಕು. ಕೌನ್ಸಿಲಿನಲ್ಲಿ ಇಪ್ಪತ್ತೈದರ ಒಳಗಿನ ಇಬ್ಬರು ಇರಬೇಕು, ನೀರಿನ ಬಾಟಲಿ ಹಂಚೋಕಲ್ಲ, ಮಾತಾಡೋಕೆ. ಕೌನ್ಸಿಲಿಗೆ ಇರೋದು ಸಲಹೆ ಕೊಡೋ ಹಕ್ಕು ಮಾತ್ರ ಅಂತ ಗೊತ್ತು. ಆ ಸಲಹೆಯನ್ನೇ ಅವರೂ ಕೊಡಲಿ.

"ಹಬ್ಬದ ಹೊತ್ತಲ್ಲಿ ಯಾಕಮ್ಮ ಇದೆಲ್ಲ, ಆಮೇಲೆ ನೋಡೋಣ" ಅಂತ ಇನ್‌ಬಾಕ್ಸಿಗೆ ಬರೋ ದೊಡ್ಡವರಿಗೆ ಮುಂಚೆಯೇ ಹೇಳ್ತೀನಿ: ಆಮೇಲೆ ಅಂದ್ರೆ ಜುಲೈ ತಾನೇ? ಜುಲೈಯಲ್ಲಿ ನೀವು ಎಲ್ಲಿರ್ತೀರಿ ಅಂತ ನಮಗೆ ಗೊತ್ತು. ಗೋದಲಿಗೆ ಬಿದಿರು ಬೇಕು, ಯಾರ ತೋಟದಲ್ಲಾದರೂ ಇದ್ದರೆ ತಿಳಿಸಿ. ಹೊತ್ತು ತರೋಕೆ ಈ ಸಲ ಕೌನ್ಸಿಲ್ ಮೆಂಬರುಗಳೂ ಬರ್ತಾರೆ ಅಂತ ನಾನೇ ಅವರ ಪರವಾಗಿ ಹೆಸರು ಕೊಟ್ಟಿದ್ದೀನಿ.