ಅಡ್ವಾನ್ಸ್ ತಗೊಂಡ ತಪ್ಪಿಗೆ

ಕರ್ನಾಟಕದಲ್ಲಿ ಆಸ್ತಿ ರಿಜಿಸ್ಟ್ರೇಷನ್ ಫೀ ಒಂದು ಪರ್ಸೆಂಟಿನಿಂದ ಎರಡಾದ ಸುದ್ದಿಯನ್ನು ನೀವೆಲ್ಲ ಓದಿ, ಬೈದು, ಮರೆತಿರುತ್ತೀರಿ. ನಾನು ಮರೆತಿಲ್ಲ. ಅದು 2025ರ ಆಗಸ್ಟ್ 31ರಿಂದ ಜಾರಿಗೆ ಬಂತು. ನಾವು ಮನೆ ಮಾರುವ ಅಗ್ರಿಮೆಂಟ್ ಮಾಡಿಕೊಂಡಿದ್ದು ಜೂನ್ ಮೊದಲ ವಾರ. ಆ ಮೂರು ತಿಂಗಳು ಏನು ಮಾಡ್ತಿದ್ರಿ ಅಂತ ಯಾರಾದರೂ ಕೇಳಿದರೆ ನನ್ನ ಬಳಿ ಇರುವುದು ಒಂದೇ ಉತ್ತರ. ತುಳಸಿಗೆ ನೀರು ಹಾಕ್ತಿದ್ದೆ.

ಬನಶಂಕರಿಯಲ್ಲಿ ಅಮ್ಮನ ಹೆಸರಿನ ಹಳೇ ಮನೆ. ಅಮ್ಮ ಈಗ ನಮ್ಮ ಜೊತೆ ಫ್ಲ್ಯಾಟಿನಲ್ಲಿದ್ದಾರೆ, ಆ ಮನೆ ಖಾಲಿ. ಜನ ಇರುವ ಮನೆ ತನ್ನ ಪಾಡಿಗೆ ತಾನಿರುತ್ತದೆ. ಖಾಲಿ ಮನೆಗೆ ಮಾತ್ರ ದಿನಕ್ಕೊಂದು ಕಾಯಿಲೆ. ವಾರಕ್ಕೊಮ್ಮೆ ಎಲ್ಲ ಬಚ್ಚಲಿಗೂ ಒಂದೊಂದು ಬಕೆಟ್ ನೀರು ಸುರಿಯಬೇಕು, ಇಲ್ಲದಿದ್ದರೆ ವಾಸನೆ ತಡೆಯಲು ನೀರು ನಿಲ್ಲುವ ಪೈಪಿನ ಟ್ರ್ಯಾಪ್ ಒಣಗಿ ಚರಂಡಿ ವಾಸನೆಯ ಹಿಂದೆಯೇ ಜಿರಲೆಗಳ ದಿಬ್ಬಣ ಮೇಲೆ ಬರುತ್ತದೆ. ಯುಪಿಎಸ್ ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್. ಸಜ್ಜದ ಮೇಲೆ ಪಾರಿವಾಳದ ಬಾಣಂತನ. ಮೋರಿ ಪೈಪಿಗೆ ಎಲೆ ಕಟ್ಟಿಕೊಂಡರೆ ತಾರಸಿಯಲ್ಲಿ ಸ್ಯಾಂಕಿ ಕೆರೆ. ಒಂದು ಬಲ್ಬೂ ಉರಿಯದ ಮನೆಗೂ ತಿಂಗಳು ತಿಂಗಳು ಕರೆಂಟಿನ ನಿಗದಿತ ಶುಲ್ಕ ತಪ್ಪದೆ ಬರುತ್ತದೆ. ಇದನ್ನೆಲ್ಲ ನಮ್ಮದು ಅಂತ ಮಾಡಿದರೆ ಬೇಸರವಿಲ್ಲ. ಮಾರಿದ ಮೇಲೆ ಮಾಡುವುದಿದೆಯಲ್ಲ, ಅದು ಮಗಳನ್ನು ಧಾರೆ ಎರೆದುಕೊಟ್ಟ ಮೇಲೂ ಅಳಿಯನ ಶರಟಿಗೆ ನಾವೇ ಇಸ್ತ್ರಿ ಹಾಕಿದ ಹಾಗೆ.

ಆದರೆ ನಾನಿನ್ನೂ ಮಾರಿಲ್ಲವಂತೆ. ವಕೀಲ ಸ್ನೇಹಿತ ವಿವರಿಸಿದ. ಸ್ವತ್ತು ವರ್ಗಾವಣೆ ಅಧಿನಿಯಮ ಅಂತ ಒಂದಿದೆ, 1882ರದ್ದು. ಅದರ 54ನೇ ಕಲಂ ಪ್ರಕಾರ ಬರೀ ಅಗ್ರಿಮೆಂಟ್ ಮಾಡಿಕೊಂಡ ಮಾತ್ರಕ್ಕೆ ಕೊಳ್ಳುವವರಿಗೆ ಸ್ವತ್ತಿನಲ್ಲಿ ಯಾವ ಹಿತಾಸಕ್ತಿಯೂ ಹುಟ್ಟುವುದಿಲ್ಲ. ಮುಂದಿನ 55ನೇ ಕಲಮೇ ನನ್ನ ನೇಮಕಾತಿ ಆದೇಶ. ಕರಾರಾದ ದಿನದಿಂದ ಸ್ವಾಧೀನ ಕೊಡುವ ದಿನದವರೆಗೆ ಮಾರುವವನು ಮನೆಯನ್ನೂ ಅದರ ಪತ್ರಗಳನ್ನೂ ಸಾಧಾರಣ ವಿವೇಕವುಳ್ಳ ಮಾಲೀಕನಂತೆ ಜೋಪಾನ ಮಾಡತಕ್ಕದ್ದು. ಸಂಬಳದ ಪ್ರಸ್ತಾಪ ಇಲ್ಲ. ಬ್ರಿಟಿಷರು ಹೋದರು, ರಾಣಿ ಹೋದಳು, ನನ್ನ ವಾಚ್‌ಮನ್ ಕೆಲಸ ಮಾತ್ರ ಉಳಿಯಿತು. ಸಾಧಾರಣ ವಿವೇಕವುಳ್ಳವನು ಜೂನ್‌ನಲ್ಲಿ ಅಡ್ವಾನ್ಸ್ ತಗೊಳ್ತಾನಾ? ಆಷಾಢ ಎದುರಿಗೇ ನಿಂತಿತ್ತು.

ಕೊಳ್ಳುವವರು ಒಳ್ಳೆಯ ಜನ, ಅದನ್ನು ಹೇಳಲೇಬೇಕು. ಆಷಾಢದಲ್ಲಿ ರಿಜಿಸ್ಟ್ರೇಷನ್ ಬೇಡ ಅಂದರು. ಸೈಟ್ ವಿಸಿಟ್‌ಗೆ ಆಷಾಢದ ಅಡ್ಡಿ ಇಲ್ಲವಂತೆ. ಪ್ರತಿ ಭಾನುವಾರ ಬಂದರು. ಮೊದಲ ವಾರ ಅತ್ತೆ ಮಾವ, ಎರಡನೇ ವಾರ ಷಡ್ಡಕ, ಮೂರನೇ ವಾರ ಷಡ್ಡಕನ ವಾಸ್ತು ಪಂಡಿತರು. ಪಂಡಿತರು ಸಂಪಿನ ಮುಂದೆ ಎರಡು ನಿಮಿಷ ಕಣ್ಣು ಮುಚ್ಚಿ ನಿಂತು, ನನ್ನ ಕಡೆ ತಿರುಗಿ, ‘ನಿಮ್ಮ ತಂದೆಯವರಿಗೆ ಹೊಟ್ಟೆ ತೊಂದರೆ ಇತ್ತಾ?’ ಅಂತ ಕೇಳಿದರು. ಅಪ್ಪ ತೊಂಬತ್ತರ ತನಕ ಚಕ್ಕುಲಿ ಕಡಿದು ತಿಂದವರು. ಆದರೂ ಸಂಪು ಮುಚ್ಚಿಸಬೇಕು ಅಂತ ತೀರ್ಮಾನವಾಯಿತು. ಗೋಡೆ ಒಡೆಯುವ ಮಾತು ನಡೆಯುವಾಗ ನಾನು ಅದೇ ಗೋಡೆಗೆ ಒರಗಿ ನಿಂತು ಕಾಫಿ ಕೊಡುತ್ತಿದ್ದೆ.

ಇನ್ನು ತೆಂಗಿನಮರ. ಹಿತ್ತಲಿನಲ್ಲಿ ಎರಡಿವೆ. 2025ರಲ್ಲಿ ಕಾಯಿ ಬೆಲೆ ಏನಾಯಿತು ಅಂತ ಚಟ್ನಿ ತೆಳ್ಳಗಾದ ಯಾವ ಮನೆಗೂ ಹೇಳಬೇಕಿಲ್ಲ. ಮರ ಹತ್ತುವವನನ್ನು ಕರೆಸಿ ಅರವತ್ತು ಕಾಯಿ ಇಳಿಸಿದ್ದು ಕೊಳ್ಳುವವರಿಗೆ ಹೇಗೋ ತಿಳಿಯಿತು. ‘ಸಾರ್, ಮರ ಸೇರಿಸಿ ತಾನೆ ರೇಟ್ ಮಾತಾಡಿದ್ದು?’ ಅಂದರು ನಯವಾಗಿ. ನಾನು ಆಗಲೇ 55ನೇ ಕಲಂ ಬಾಯಿಪಾಠ ಮಾಡಿದ್ದೆ. ಮಾಲೀಕತ್ವ ವರ್ಗವಾಗುವ ತನಕ ಬಾಡಿಗೆ ಮತ್ತು ಉತ್ಪನ್ನ ಮಾರುವವನದ್ದೇ, ನಂತರದ್ದು ಕೊಳ್ಳುವವನದ್ದು. ‘ಬಲಿತ ಕಾಯಿ ನಮ್ಮದು, ಹೊಂಬಾಳೆ ನಿಮ್ಮದು’ ಅಂದೆ. ಅವರು ಫೋನ್ ತೆಗೆದು ಮರದ ಫೋಟೋ ಹೊಡೆದುಕೊಂಡರು. ಸಾಕ್ಷ್ಯಕ್ಕೆ. ಹತ್ತು ಕಾಯಿ ಕೊಟ್ಟು ಸಂಧಾನ ಮಾಡಿಕೊಂಡೆ. ಮನೆಗೆ ಬಂದು ಹೇಳಿದರೆ ನಮ್ಮಾಕೆ, ‘ಹತ್ತು ಯಾಕ್ರೀ ಕೊಟ್ರಿ?’ ಅಂದಳು. ಆ ಪ್ರಶ್ನೆಗೆ ಬ್ರಿಟಿಷರ ಕಾನೂನಿನಲ್ಲಿ ಉತ್ತರವಿಲ್ಲ.

ಡಲ್ಲಾಸ್‌ನಲ್ಲಿರುವ ಅಕ್ಕನ ಮಗ ಫೋನಿನಲ್ಲಿ ನಗುತ್ತಾನೆ. ಅಲ್ಲೂ ಮಾರಿದವರೇ ಹುಲ್ಲು ಕತ್ತರಿಸಿ, ಕರೆಂಟ್ ಉಳಿಸಿಕೊಂಡು ಕಾಯಬೇಕಂತೆ, ಕೊನೆಗೆ ಕೊಳ್ಳುವವರು ಒಂದು ಸಲ ಮನೆಯೆಲ್ಲ ಸುತ್ತಿ ನಲ್ಲಿ ತಿರುಗಿಸಿ ನೋಡುತ್ತಾರಂತೆ. ಆದರೆ ಎಲ್ಲ ಸೇರಿ ಒಂದು, ಒಂದೂವರೆ ತಿಂಗಳು ಮಾವ, ಅಂದ. ಅವರಿಗೆ ಆಷಾಢವಿಲ್ಲ. ಖಾತೆಯೂ ಇಲ್ಲ.

ನಮಗಿದೆ. ಇ-ಖಾತಾ, ಅಂದರೆ ಪಾಲಿಕೆಯ ಡಿಜಿಟಲ್ ಆಸ್ತಿ ದಾಖಲೆ, ಇಲ್ಲದೆ ಬೆಂಗಳೂರಿನಲ್ಲಿ ನೋಂದಣಿಯಿಲ್ಲ ಅನ್ನುವುದು 2024ರ ಕೊನೆಯಿಂದ ಇರುವ ನಿಯಮ, ಒಳ್ಳೆಯ ನಿಯಮ. ಒಂದೇ ಸೈಟನ್ನು ನಾಲ್ವರಿಗೆ ಮಾರುವ ಪ್ರತಿಭಾವಂತರಿಗೆ ಕಡಿವಾಣ ಬೇಕೇ ಬೇಕಿತ್ತು. ತೊಡಕು ಒಂದೇ. ಹಳೇ ಕ್ರಯಪತ್ರದಲ್ಲಿ ಅಮ್ಮನ ಹೆಸರಿನ ಕೊನೆಗೆ ‘ಅಮ್ಮ’ ಇದೆ, ಆಧಾರ್‌ನಲ್ಲಿ ಇಲ್ಲ. ಎಂಬತ್ತೊಂದು ವರ್ಷದ, ಮೂವರು ಮಕ್ಕಳನ್ನು ಹೆತ್ತ ನನ್ನಮ್ಮ ಅಮ್ಮ ಹೌದೋ ಅಲ್ಲವೋ ಅಂತ ತೀರ್ಮಾನವಾಗಲು ಶ್ರಾವಣ ಪೂರ್ತಿ ಹಿಡಿಯಿತು. ಅಫಿಡವಿಟ್ ಆಯಿತು, ಫೋಟೋ ಆಯಿತು, ಗಣೇಶ ಬಂದ, ಮುಳುಗಿದ. ಫೀ ಡಬಲ್ ಆಯಿತು.

ಸೆಪ್ಟೆಂಬರ್ 2ಕ್ಕೆ ಇನ್ನೊಂದು ಚಮತ್ಕಾರ. ಅಗ್ರಿಮೆಂಟಿನಲ್ಲಿ ‘ಬಿಬಿಎಂಪಿ ವ್ಯಾಪ್ತಿಯ’ ಅಂತ ಬರೆಸಿದ್ದೆವು. ಆ ದಿನ ಬೆಂಗಳೂರಿನ ಮಹಾನಗರ ಪಾಲಿಕೆಯಾಗಿದ್ದ ಬಿಬಿಎಂಪಿಯೇ ಹೋಗಿ ಐದು ನಗರ ಪಾಲಿಕೆಗಳು ಹುಟ್ಟಿದವು. ಮನೆ ಇದ್ದಲ್ಲೇ ಇತ್ತು, ಊರೇ ಅದರ ಕೆಳಗಿನಿಂದ ಜಾರಿ ಹೋಯಿತು. ತುಳಸಿಗೆ ವಿಷಯ ತಿಳಿಸಿದೆ. ಆಮೇಲೆ ಪಿತೃಪಕ್ಷ, ಕೊಳ್ಳುವವರ ಹಿರಿಯರು ಒಪ್ಪಲಿಲ್ಲ. ಅದು ಮುಗಿದ ಮೇಲೆ ಸರ್ಕಾರದ ಮನೆಮನೆ ಜಾತಿ ಗಣತಿ. ಗೇಟಿನ ಪಕ್ಕ ಅಂಟಿಸಿದ ಸ್ಟಿಕ್ಕರ್ ಹುಡುಕಿಕೊಂಡು ಬಂದ ಮೇಷ್ಟ್ರು, ‘ಈ ಮನೇಲಿ ಯಾರಿದ್ದೀರಿ ಸಾರ್?’ ಅಂದರು. ಮಾರಿದವನೂ ಅಲ್ಲ, ಇರುವವನೂ ಅಲ್ಲ. ಆ ಕಾಲಂ ಅವರ ಹತ್ತಿರ ಇರಲಿಲ್ಲ.

ಕಡೆಗೂ ನೋಂದಣಿ ಕಚೇರಿಯಲ್ಲಿ ಸ್ಲಾಟ್ ಸಿಕ್ಕಿತು. ಬೆಳಿಗ್ಗೆ ಹತ್ತಕ್ಕೆ ಅಮ್ಮನನ್ನು ಕರೆದುಕೊಂಡು ಹೋದೆವು. ಸರ್ವರ್ ಇಲ್ಲ. 2025ರ ಆರಂಭದಲ್ಲಿ ನೋಂದಣಿಯ ಕಾವೇರಿ ತಂತ್ರಾಂಶ ಮಲಗಿದಾಗ ಸೈಬರ್ ದಾಳಿ ಅಂದಿದ್ದರು. ಈ ಸಲ ಯಾರೂ ಏನೂ ಹೇಳಲಿಲ್ಲ. ಹೇಳಿ ಏನು ಪ್ರಯೋಜನ, ಈ ಕಾವೇರಿ ಬತ್ತಿದರೆ ಮಂಡ್ಯದಲ್ಲಿ ಯಾರೂ ರಸ್ತೆ ತಡೆಯುವುದಿಲ್ಲ. ಮೂರೂವರೆಗೆ ಸರ್ವರ್ ಬಂತು. ಆಗ ಅಮ್ಮನ ಹೆಬ್ಬೆಟ್ಟು ಹತ್ತಲಿಲ್ಲ. ಒರೆಸಿ ಇಡಿಸಿದರು, ಒದ್ದೆ ಮಾಡಿ ಇಡಿಸಿದರು, ಬೇರೆ ಬೇರೆ ಬೆರಳು ಒತ್ತಿಸಿದರು. ಅರವತ್ತು ವರ್ಷ ಆ ಮನೆಯ ಪಾತ್ರೆ ಉಜ್ಜಿ ಸವೆದ ಬೆರಳು ಅದು. ಗೆರೆ ಎಲ್ಲಿಂದ ಬರಬೇಕು? ‘ಇನ್ನೊಂದಿನ ಬನ್ನಿ ಅಜ್ಜಿ’ ಅಂದ ಹುಡುಗ. ಕಟುವಾಗಿ ಅನ್ನಲಿಲ್ಲ, ಪಾಪ. ಅಮ್ಮ ಬೆಳಿಗ್ಗೆಯಿಂದ ನೀರು ಕುಡಿದಿರಲಿಲ್ಲ, ಯಾಕೆಂದರೆ ಅಲ್ಲಿ ಹೆಂಗಸರು ಹೋಗುವಂಥ ಶೌಚಾಲಯ ಇರಲಿಲ್ಲ. ಇದರಲ್ಲಿ ನನಗೆ ತಮಾಷೆ ಏನೂ ಕಾಣುತ್ತಿಲ್ಲ. ಎರಡು ಪರ್ಸೆಂಟ್ ತಗೊಳ್ಳುವವರು ಒಂದು ಬಾಗಿಲಿರುವ ಶೌಚಾಲಯ ಕೊಡಬಹುದು. ಒಂದು ಕುರ್ಚಿ ಕೊಡಬಹುದು.

ಹೊರಗೆ ಬಂದ ಮೇಲೆ ಕೊಳ್ಳುವವರು ನನ್ನನ್ನು ಪಕ್ಕಕ್ಕೆ ಕರೆದರು. ‘ಸಾರ್, ಲೇಟಾಗಿದ್ದು ನಿಮ್ಮ ಖಾತೆಯಿಂದ ಅಲ್ವಾ? ಆ ಎಕ್ಸ್‌ಟ್ರಾ ಒಂದು ಪರ್ಸೆಂಟ್ ಅರ್ಧರ್ಧ ಮಾಡ್ಕೊಳ್ಳೋಣ.’ ಆಷಾಢ ನಿಮ್ಮದು, ಪಿತೃಪಕ್ಷ ನಿಮ್ಮದು ಅನ್ನಬೇಕು ಅಂತ ಬಾಯಿಯ ತುದಿಗೆ ಬಂತು. ಅಮ್ಮ ಆಟೋದಲ್ಲಿ ಕೂತಿದ್ದರು, ಸುಮ್ಮನಾದೆ.

ಮುಂದಿನ ಸ್ಲಾಟಿಗೆ ಪ್ರಯತ್ನ ನಡೆದಿದೆ. ಧನುರ್ಮಾಸ ಶುರುವಾಗುವ ಮೊದಲು ಆಗದಿದ್ದರೆ ಸಂಕ್ರಾಂತಿಯ ನಂತರವೇ. ನಾಳೆ ಭಾನುವಾರ. ಅವರ ಇಂಟೀರಿಯರ್‌ನವರು ಅಳತೆಗೆ ಬರುತ್ತಾರಂತೆ, ಹಾಲ್ ಗುಡಿಸಿಡಬೇಕು. ಹಿತ್ತಲಲ್ಲಿ ಮತ್ತೊಂದು ಗೊನೆ ಬಲಿತಿದೆ. ಮರ ಹತ್ತುವವನಿಗೆ ಬೆಳಿಗ್ಗೆ ಆರಕ್ಕೇ ಬರಲು ಹೇಳಿದ್ದೇನೆ, ಅವರು ಬರುವ ಮೊದಲು.